ಚೂರಿನಿಂದ ಸಿದ್ಧಾಂತದವರೆಗೆ: ಬೈಬಲ್ ಸಂಶೋಧನೆಯ ಮಂಡನೆ

ಹೊಸ ಒಡಂಬಡಿಕೆಯ ಲೇಖಕರು ತಮ್ಮ ಕೈಯಾರೆ ಬರೆದ ಒಂದು ಹಾಳೆಯೂ ಉಳಿದಿಲ್ಲ. ಸುವಾರ್ತೆಗಳಾಗಲಿ, ಪೌಲನ ಪತ್ರಗಳಾಗಲಿ ಇಂದು ಸಿಗುವುದು ನಕಲಿನ ನಕಲುಗಳಲ್ಲಿ. ಗ್ರೀಕ್ ಭಾಷೆಯ ಹಸ್ತಪ್ರತಿಗಳೇ ಐದು ಸಾವಿರಕ್ಕೂ ಹೆಚ್ಚಿವೆ. ಕೆಲವು ಪೂರ್ಣ ಗ್ರಂಥಗಳು, ಎಷ್ಟೋ ಅಂಗೈಯಗಲದ ಚೂರುಗಳು. ಒಂದು ಪ್ರತಿಯ ಪಾಠ ಇನ್ನೊಂದರಲ್ಲಿ ಅಕ್ಷರಶಃ ಹಾಗೇ ಇರುವುದಿಲ್ಲ. ಹೀಗಾಗಿ ಬೈಬಲ್ ಬಗ್ಗೆ ಹೊಸದೇನನ್ನಾದರೂ ಹೇಳಹೊರಟ ವಿದ್ವಾಂಸರು ತಮ್ಮ ಮಾತು ಯಾವ ಪ್ರತಿಯ ಯಾವ ಸಾಲಿನ ಮೇಲೆ ನಿಂತಿದೆ ಎಂಬುದನ್ನು ಮೊದಲು ತೋರಿಸಬೇಕಾಗುತ್ತದೆ. ಕೋಟ್ಯಂತರ ಜನರ ನಂಬಿಕೆಗೆ ಆಧಾರವಾದ ಗ್ರಂಥದ ವಿಷಯದಲ್ಲಿ ಶೋಧನೆಯಷ್ಟೇ ಅದನ್ನು ಮುಂದಿಡುವ ರೀತಿಯೂ ಮುಖ್ಯ. ಈ ಪಾಠವನ್ನು ಬೈಬಲ್ ಅಧ್ಯಯನ ಕ್ಷೇತ್ರ ಸುಲಭವಾಗಿ ಕಲಿಯಲಿಲ್ಲ.

ಮಂಡನೆಯ ಮೊದಲ ಹೆಜ್ಜೆ ಗ್ರಂಥಸಂಪಾದನೆ. ಹರಿದ ಪಪೈರಸ್ಸಿನಲ್ಲಿ ಕಾಣುವುದೆಷ್ಟು, ಸಂಪಾದಕರು ಊಹಿಸಿ ಸೇರಿಸಿದ್ದೆಷ್ಟು ಎಂಬುದು ಓದುಗರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಇದಕ್ಕಾಗಿ 1931ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಸೇರಿದ ವಿದ್ವಾಂಸರು ಕೆಲವು ಚಿಹ್ನೆಗಳಿಗೆ ಒಪ್ಪಿದರು. ಚೌಕಾವರಣದೊಳಗಿನ ಅಕ್ಷರಗಳು ಮೂಲದಲ್ಲಿ ಹರಿದುಹೋಗಿವೆ, ಸಂಪಾದಕರು ತುಂಬಿದ್ದಾರೆ ಎಂದರ್ಥ. ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಅದರ ಓದು ಖಚಿತವಲ್ಲ. ಲಿಪಿಕಾರ ತಾನೇ ಹೊಡೆದುಹಾಕಿದ ಪದಕ್ಕೆ ಜೋಡಿ ಚೌಕಾವರಣ. ಕನ್ನಡದ ಶಾಸನ ಸಂಪುಟಗಳನ್ನು ತಿರುವಿದವರಿಗೆ ಇಂಥ ಆವರಣಗಳು ಹೊಸತಲ್ಲ; ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಪಾಠಾಂತರ, ಸ್ಖಾಲಿತ್ಯ, ಪ್ರಕ್ಷೇಪಗಳ ತಲೆನೋವೂ ಪರಿಚಿತವೇ. ಓಲೆಗರಿಯಿಂದ ಪಂಪನನ್ನು ಅಚ್ಚಿಗೆ ತಂದವರೂ ಪಪೈರಸ್ಸಿನಿಂದ ಯೋಹಾನನನ್ನು ಅಚ್ಚಿಗೆ ತಂದವರೂ ಮಾಡಿದ್ದು ಒಂದೇ ಕಸುಬು.

ಎಬರ್‌ಹಾರ್ಡ್ ನೆಸ್ಲೆ 1898ರಲ್ಲಿ ಹೊರತಂದ ಗ್ರೀಕ್ ಹೊಸ ಒಡಂಬಡಿಕೆ ಇಂದು ನೆಸ್ಲೆ-ಆಲಂಡ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಅದರ 28ನೆಯ ಆವೃತ್ತಿ ಬಂದದ್ದು 2012ರಲ್ಲಿ. ಪುಟದ ಮೇಲ್ಭಾಗದಲ್ಲಿ ಪಾಠ, ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಪಾಠಾಂತರಗಳ ಪಟ್ಟಿ. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದ ಆರೋಪ ಹೊತ್ತ ಹೆಂಗಸನ್ನು ಯೇಸುವಿನ ಮುಂದೆ ತಂದು ನಿಲ್ಲಿಸುವ ಪ್ರಸಂಗವಿದೆ. ಬೈಬಲ್ ಓದದವರಿಗೂ ಗೊತ್ತಿರುವ ಕತೆ ಅದು. ಅತ್ಯಂತ ಹಳೆಯ ಗ್ರೀಕ್ ಪ್ರತಿಗಳಲ್ಲಿ ಅದು ಇಲ್ಲ. ಆದರೂ ಸಂಪಾದಕರು ಅದನ್ನು ಕಿತ್ತುಹಾಕಿಲ್ಲ. ಜೋಡಿ ಆವರಣದಲ್ಲಿಟ್ಟು (ಇಲ್ಲಿ ಅದರರ್ಥ ಲಿಪಿಕಾರ ಹೊಡೆದುಹಾಕಿದ್ದು ಎಂದಲ್ಲ, ನಂತರ ಸೇರಿದ್ದು ಎಂದು) ಯಾವ ಪ್ರತಿಗಳಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಅಡಿಯಲ್ಲಿ ಕೊಟ್ಟಿದ್ದಾರೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳಿಗೂ ಇದೇ ಏರ್ಪಾಡು. ಭಕ್ತರ ಮನಸ್ಸನ್ನು ನೋಯಿಸದೆ, ಸತ್ಯವನ್ನೂ ಮುಚ್ಚಿಡದೆ ನಡೆದುಕೊಳ್ಳುವ ದಾರಿ ಇದಕ್ಕಿಂತ ಚೆನ್ನಾಗಿ ಇರಲಾರದು.

ಕಾಲನಿರ್ಣಯದ ಮಂಡನೆ ಇನ್ನೂ ಸೂಕ್ಷ್ಮ. ಮ್ಯಾಂಚೆಸ್ಟರ್‌ನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಸುಮಾರು 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಒಂದು ಚೂರಿದೆ. ಎರಡೂ ಬದಿಯಲ್ಲಿ ಯೋಹಾನನ ಸುವಾರ್ತೆಯ ಸಾಲುಗಳು, ಪಿಲಾತನ ಮುಂದೆ ಯೇಸುವಿನ ವಿಚಾರಣೆ ನಡೆಯುವ ಭಾಗ. 1935ರಲ್ಲಿ ಇದನ್ನು ಪ್ರಕಟಿಸಿದ ಕಾಲಿನ್ ರಾಬರ್ಟ್ಸ್, ಬರವಣಿಗೆಯ ಶೈಲಿ ನೋಡಿ ಎರಡನೆಯ ಶತಮಾನದ ಮೊದಲರ್ಧದ್ದು ಎಂದರು. ಜನಪ್ರಿಯ ಪುಸ್ತಕಗಳಲ್ಲಿ ಅದು ಬೇಗನೆ ‘ಕ್ರಿ.ಶ. 125’ ಎಂದು ಗಟ್ಟಿಯಾಗಿ ಕೂತುಬಿಟ್ಟಿತು. 2005ರಲ್ಲಿ ಬ್ರೆಂಟ್ ನಾಂಗ್‌ಬ್ರಿ, ಇಂಥದೇ ಅಕ್ಷರಗಳು ಎರಡನೆಯ ಶತಮಾನದ ಕೊನೆಯ, ಮೂರನೆಯದರ ಆರಂಭದ ಬರಹಗಳಲ್ಲೂ ಇವೆ ಎಂದು ಚಿತ್ರಗಳ ಸಮೇತ ತೋರಿಸಿದರು. ಕೈಬರಹವನ್ನಷ್ಟೇ ನೋಡಿ ಹೇಳುವ ಕಾಲ ಒಂದು ವರ್ಷವಲ್ಲ, ಹಲವು ದಶಕಗಳ ಹರವು. ಎಚ್ಚರದ ಲೇಖನ ಆ ಹರವನ್ನೇ ಬರೆಯುತ್ತದೆ.

ಇನ್ನೊಂದು ವೇದಿಕೆ ವಿಚಾರಗೋಷ್ಠಿ. 1880ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ ಪ್ರತಿ ನವೆಂಬರಿನಲ್ಲಿ ಅಮೆರಿಕದ ಒಂದೊಂದು ನಗರದಲ್ಲಿ ವಾರ್ಷಿಕ ಸಭೆ ಸೇರುತ್ತದೆ. ಧರ್ಮಗಳ ಅಧ್ಯಯನಕ್ಕೆ ಮೀಸಲಾದ ಅಮೆರಿಕನ್ ಅಕಾಡೆಮಿ ಆಫ್ ರಿಲಿಜನ್ ಸಾಮಾನ್ಯವಾಗಿ ಅದೇ ಜಾಗದಲ್ಲಿ, ಅದೇ ದಿನಗಳಲ್ಲಿ ಸೇರುವುದರಿಂದ ಸಾವಿರಾರು ಜನ ಜಮಾಯಿಸುತ್ತಾರೆ. ಪ್ರಬಂಧ ಮಂಡಿಸುವವರು ತಿಂಗಳುಗಳ ಮುಂಚೆ ಸಾರಲೇಖ ಕಳಿಸಿ ಒಪ್ಪಿಗೆ ಪಡೆದಿರಬೇಕು. ಸಿಗುವ ಸಮಯ ಅರ್ಧ ಗಂಟೆಯೊಳಗೆ, ಪ್ರಶ್ನೋತ್ತರವೂ ಸೇರಿ. ಮೂಲ ಹೀಬ್ರೂ ಅಥವಾ ಗ್ರೀಕ್ ಸಾಲು, ಪಕ್ಕದಲ್ಲಿ ಅನುವಾದ ಇರುವ ಹಾಳೆಯನ್ನು ಸಭಿಕರ ಕೈಗೆ ಕೊಡುವುದು ಹಳೆಯ ರೂಢಿ. ಮಾತುಗಾರರು ತಪ್ಪಿದರೆ ಅದೇ ಹಾಳೆ ಹಿಡಿದು ಕೇಳುವವರು ಎದ್ದು ನಿಲ್ಲುತ್ತಾರೆ. ಸಭೆಯಲ್ಲಿ ಯೆಹೂದ್ಯರು, ಕ್ಯಾಥೊಲಿಕರು, ಪ್ರಾಟೆಸ್ಟಂಟರು, ಯಾವ ದೇವರನ್ನೂ ನಂಬದವರು ಒಟ್ಟಿಗೆ ಕೂತಿರುತ್ತಾರೆ. ಆದ್ದರಿಂದ ‘ದೇವರು ಹೀಗೆ ನುಡಿದನು’ ಎಂಬುದು ಅಲ್ಲಿ ವಾದವಾಗದು. ‘ಈ ಲೇಖಕ ದೇವರು ಹೀಗೆ ನುಡಿದನೆಂದು ಬರೆದಿದ್ದಾನೆ, ಕಾರಣ ಇದು’ ಎಂಬುದು ವಾದವಾಗುತ್ತದೆ. ನಂಬಿಕೆಯನ್ನು ಬಿಡಬೇಕೆಂದು ಯಾರೂ ಕೇಳುವುದಿಲ್ಲ. ನಂಬದವರೂ ತೂಗಿ ನೋಡಬಹುದಾದ ಪುರಾವೆ ಇಡಬೇಕು, ಅಷ್ಟೆ. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಸಂಸ್ಥೆಗಳ ಬೈಬಲ್ ಪಾಠದಲ್ಲೂ ಈ ಶಿಸ್ತು ಇದೆ.

ಈ ಶಿಸ್ತು ಮುರಿದುಬಿದ್ದ ದೊಡ್ಡ ಕತೆ ಮೃತ ಸಮುದ್ರದ ಸುರುಳಿಗಳದ್ದು. 1947ರ ಹೊತ್ತಿಗೆ ಬೆದೂಯಿನ್ ಕುರಿಗಾಹಿಗಳಿಗೆ ಕುಮ್ರಾನ್ ಬಳಿಯ ಗುಹೆಯೊಂದರಲ್ಲಿ ಮೊದಲ ಸುರುಳಿಗಳು ಸಿಕ್ಕವು. 1952ರಲ್ಲಿ ಸಿಕ್ಕ ನಾಲ್ಕನೆಯ ಗುಹೆಯಲ್ಲಿ ಇದ್ದದ್ದು ಇಡೀ ಸುರುಳಿಗಳಲ್ಲ. ಸುಮಾರು ಹದಿನೈದು ಸಾವಿರ ಚೂರುಗಳು, ಐನೂರಕ್ಕೂ ಹೆಚ್ಚು ಹಸ್ತಪ್ರತಿಗಳಿಗೆ ಸೇರಿದವು. ಪೂರ್ವ ಜೆರೂಸಲೇಮಿನ ವಸ್ತುಸಂಗ್ರಹಾಲಯದ ಉದ್ದನೆಯ ಕೋಣೆಯಲ್ಲಿ ಅವನ್ನು ಗಾಜಿನ ಫಲಕಗಳ ನಡುವೆ ಹರಡಿ, ಬೆರಳೆಣಿಕೆಯ ವಿದ್ವಾಂಸರ ತಂಡ ಜೋಡಿಸುತ್ತ ಕೂತಿತು. ಹೊಂದಿದ ಚೂರುಗಳನ್ನು ಅಂಟಿಸಲು ಬಳಸಿದ್ದು ಅಂಗಡಿಯಲ್ಲಿ ಸಿಗುವ ಸೆಲೊಟೇಪ್. ಅದರ ಗೋಂದು ಚರ್ಮಕ್ಕಿಳಿದು ಅಕ್ಷರಗಳನ್ನೇ ಕಪ್ಪಾಗಿಸಿತು. ಅದನ್ನು ಬಿಡಿಸಲು ಮುಂದಿನ ಪೀಳಿಗೆಯ ಸಂರಕ್ಷಕರು ವರ್ಷಾನುಗಟ್ಟಲೆ ಹೆಣಗಬೇಕಾಯಿತು.

ತಂಡದವರ ವಿದ್ವತ್ತು ಅಪಾರ. ದೋಷ ಇದ್ದದ್ದು ಪ್ರಕಟಣೆಯಲ್ಲಿ. ಆಕ್ಸ್‌ಫರ್ಡ್‌ನಿಂದ ಅಧಿಕೃತ ಮಾಲೆಯ ಮೊದಲ ಸಂಪುಟ 1955ರಲ್ಲಿ ಬಂತು; ಮುಂದಿನವು ತೆವಳಿದವು. ತಮ್ಮ ಪಾಲಿನ ಚೂರುಗಳನ್ನು ತಾವೇ ಪ್ರಕಟಿಸುವವರೆಗೆ ಹೊರಗಿನವರಿಗೆ ತೋರಿಸುವಂತಿಲ್ಲ ಎಂಬ ಒಪ್ಪಂದವಿತ್ತು. ಹಕ್ಕುದಾರರು ವೃದ್ಧರಾದರು, ಕೆಲವರು ತೀರಿಕೊಂಡರು, ಹಕ್ಕು ಶಿಷ್ಯರಿಗೆ ಹೋಯಿತು. ಇದು ಶತಮಾನದ ವಿದ್ವತ್ ಹಗರಣವಾಗಲಿದೆ ಎಂದು ವಿದ್ವಾಂಸ ಗೇಜಾ ವರ್ಮೆಶ್ 1977ರಲ್ಲೇ ಎಚ್ಚರಿಸಿದ್ದರು. ಅಷ್ಟರಲ್ಲಿ ಹೊರಗೆ ವದಂತಿ ಹಬ್ಬಿತ್ತು: ಕ್ರೈಸ್ತ ಧರ್ಮಕ್ಕೆ ಮುಜುಗರ ತರುವ ವಿಷಯಗಳನ್ನು ಬಚ್ಚಿಟ್ಟಿದ್ದಾರಂತೆ. ಅಂಥದೇನೂ ಇರಲಿಲ್ಲ. ಆದರೆ ತೋರಿಸದ ಪುರಾವೆಯ ಬಗ್ಗೆ ಜನ ಏನನ್ನು ಬೇಕಾದರೂ ನಂಬಿಯಾರು, ಮತ್ತು ಅದಕ್ಕೆ ಜನರನ್ನು ದೂರುವಂತಿಲ್ಲ.

1991ರಲ್ಲಿ ಗೋಡೆ ಒಡೆಯಿತು. ಹಿಂದೆ ತಂಡದ ಉಪಯೋಗಕ್ಕಾಗಿ, ಸುರುಳಿಗಳ ಪ್ರತಿಯೊಂದು ಪದವನ್ನೂ ಅದರ ಅಕ್ಕಪಕ್ಕದ ಪದಗಳೊಂದಿಗೆ ಚೀಟಿಗಳಲ್ಲಿ ಬರೆದಿಟ್ಟಿದ್ದರು. ಆ ಪದಸೂಚಿಯ ಕೆಲವೇ ಪ್ರತಿಗಳು ಹೊರಬಂದಿದ್ದವು. ಸಿನ್ಸಿನಾಟಿಯ ಬೆನ್ ಜಿಯಾನ್ ವಾಖೋಲ್ಡರ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಎಬೆಗ್ ಕಂಪ್ಯೂಟರ್ ನೆರವಿನಿಂದ ಪದಗಳನ್ನು ಹಿಂದುಮುಂದು ಕೂಡಿಸಿ, ಚೂರುಗಳನ್ನು ಕಣ್ಣಿಂದ ನೋಡದೆಯೇ ಪಾಠವನ್ನು ಕಟ್ಟಿ ಪ್ರಕಟಿಸಿಬಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯ ತನ್ನಲ್ಲಿದ್ದ ಛಾಯಾಚಿತ್ರಗಳನ್ನು ಎಲ್ಲ ಸಂಶೋಧಕರಿಗೂ ತೆರೆಯಿತು. ಇಸ್ರೇಲಿನ ಅಧಿಕಾರಿಗಳೂ ನಿರ್ಬಂಧ ಸಡಿಲಿಸಿದರು. 1990ರಿಂದ ಪ್ರಧಾನ ಸಂಪಾದಕರಾಗಿದ್ದ ಇಮಾನ್ಯುಯೆಲ್ ಟೋವ್ ತಂಡವನ್ನು ಹಿಗ್ಗಿಸಿ, ಮಾಲೆಯನ್ನು ನಲವತ್ತು ಸಂಪುಟಗಳವರೆಗೆ ತರುವ ಕೆಲಸಕ್ಕೆ ವೇಗ ಕೊಟ್ಟರು.

ತೆರೆಯುವುದಕ್ಕೂ ಒಂದು ಮಿತಿಯುಂಟು ಎಂದು ತೋರಿಸಿದ್ದು ಸುರುಳಿಗಳ ವಿದ್ವಾಂಸ ಎಲಿಷಾ ಕಿಮ್ರೋನ್ ಹೂಡಿದ ಮೊಕದ್ದಮೆ. ಆರು ಹಸ್ತಪ್ರತಿಗಳ ಚೂರುಗಳಿಂದ, ಶುದ್ಧಾಚಾರದ ನಿಯಮಗಳ ಕುರಿತ ಒಂದು ಬರಹವನ್ನು ಅವರು ವರ್ಷಗಟ್ಟಲೆ ಕೂತು ಜೋಡಿಸಿದ್ದರು. ಅದನ್ನು ಪತ್ರಿಕಾ ಸಂಪಾದಕ ಹರ್ಷಲ್ ಶ್ಯಾಂಕ್ಸ್ ಅನುಮತಿಯಿಲ್ಲದೆ ಅಚ್ಚು ಹಾಕಿದರು. ಎರಡು ಸಾವಿರ ವರ್ಷದ ಹಿಂದಿನ ಬರಹಕ್ಕೆ ಇಂದಿನವರ ಹಕ್ಕು ಹೇಗೆ ಎಂಬುದು ಪ್ರಶ್ನೆ. ಹರಿದ ಜಾಗಗಳನ್ನು ತುಂಬಿ ಪಾಠ ಕಟ್ಟಿದ್ದು ಸ್ವಂತ ಕೃತಿಯೇ ಎಂದು ಜೆರೂಸಲೇಮಿನ ನ್ಯಾಯಾಲಯ 1993ರಲ್ಲಿ ಹೇಳಿತು, ಇಸ್ರೇಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಎತ್ತಿಹಿಡಿಯಿತು. ಇದನ್ನು ಒಪ್ಪದ ವಿದ್ವಾಂಸರು ಇಂದಿಗೂ ಇದ್ದಾರೆ.

ಬಚ್ಚಿಡುವುದರ ಎದುರು ತುದಿ ಅವಸರ. 2012ರ ಸೆಪ್ಟೆಂಬರ್ 18ರಂದು ರೋಮಿನಲ್ಲಿ ನಡೆದ ಕಾಪ್ಟಿಕ್ ಅಧ್ಯಯನಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿ ಕರೆನ್ ಕಿಂಗ್ ಒಂದು ಪಪೈರಸ್ ಚೂರನ್ನು ಮುಂದಿಟ್ಟರು. ಅಳತೆ ಸುಮಾರು 4 ಸೆಂಟಿಮೀಟರಿಗೆ 8. ಪ್ರಾಚೀನ ಈಜಿಪ್ಟಿನ ಕಾಪ್ಟಿಕ್ ಭಾಷೆಯ ಅರೆಬರೆ ಸಾಲುಗಳಲ್ಲೊಂದರಲ್ಲಿ ಯೇಸು ತನ್ನ ಹೆಂಡತಿಯ ಮಾತೆತ್ತುತ್ತಾನೆ. ಯೇಸುವಿಗೆ ಮದುವೆಯಾಗಿತ್ತು ಎಂಬುದಕ್ಕೆ ಇದು ಸಾಕ್ಷಿಯಲ್ಲ, ನಂತರದ ಕೆಲವು ಕ್ರೈಸ್ತರು ಹಾಗೆ ಭಾವಿಸಿದ್ದರು ಎನ್ನಬಹುದಷ್ಟೆ ಎಂದು ಕಿಂಗ್ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು. ಆದರೆ ಚೂರಿಗೆ ‘ಯೇಸುವಿನ ಹೆಂಡತಿಯ ಸುವಾರ್ತೆ’ ಎಂದು ಅವರೇ ಹೆಸರಿಟ್ಟಿದ್ದರು. ದೊಡ್ಡ ಪತ್ರಿಕೆಗಳಿಗೆ ಸುದ್ದಿ ಮೊದಲೇ ಹೋಗಿತ್ತು. ಮರುದಿನ ಲೋಕ ಓದಿದ್ದು ಹೆಸರನ್ನು, ಎಚ್ಚರಿಕೆಯನ್ನಲ್ಲ. ಚೂರನ್ನು ಕೊಟ್ಟವರ ಹೆಸರು ಗುಪ್ತವಾಗಿತ್ತು. ಅದು ಎಲ್ಲಿಂದ ಬಂತೆಂಬ ಪ್ರಶ್ನೆಗೆ ನಿಲ್ಲುವಂಥ ಉತ್ತರವಿರಲಿಲ್ಲ.

ಒಳ್ಳೆಯದೆಂದರೆ ಕಿಂಗ್ ಚಿತ್ರಗಳನ್ನೂ ಓದನ್ನೂ ಎಲ್ಲರಿಗೂ ಸಿಗುವಂತೆ ಇಟ್ಟಿದ್ದರು. ಅದರಿಂದಲೇ ತಪ್ಪು ಹೊರಬಂತು. ಚೂರಿನ ಪದಗುಚ್ಛಗಳು ಆಗಲೇ ಪ್ರಸಿದ್ಧವಾಗಿದ್ದ ಕಾಪ್ಟಿಕ್ ‘ತೋಮನ ಸುವಾರ್ತೆ’ಯಿಂದ ತುಂಡುತುಂಡಾಗಿ ಎತ್ತಿಟ್ಟಂತಿವೆ ಎಂದು ಫ್ರಾನ್ಸಿಸ್ ವಾಟ್ಸನ್ ಮುಂತಾದವರು ವಾರಗಳೊಳಗೆ ತೋರಿಸಿದರು. 2014ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ಥಿಯಾಲಾಜಿಕಲ್ ರಿವ್ಯೂ ಪ್ರಯೋಗಾಲಯದ ವರದಿಗಳನ್ನು ಪ್ರಕಟಿಸಿತು. ಪಪೈರಸ್ ನಿಜಕ್ಕೂ ಹಳೆಯದು, ಏಳು-ಎಂಟನೆಯ ಶತಮಾನದ್ದು. ಹಳೆಯ ಹಾಳೆಯ ಮೇಲೆ ಬರೆದದ್ದೂ ಹಳೆಯದೇ ಆಗಬೇಕಿಲ್ಲ. ಅದೇ ವರದಿಗಳ ಜೊತೆ, ಅದೇ ಮಾಲೀಕರು ಕೊಟ್ಟಿದ್ದ ಇನ್ನೊಂದು ಚೂರಿನ ಚಿತ್ರವೂ ಇತ್ತು. ಅದರಲ್ಲಿ ಯೋಹಾನನ ಸುವಾರ್ತೆಯ ಸಾಲುಗಳು. ಕ್ರಿಶ್ಚನ್ ಆಸ್ಕಲಂಡ್ ಅದನ್ನು 1924ರಲ್ಲಿ ಹರ್ಬರ್ಟ್ ಥಾಮ್ಸನ್ ಪ್ರಕಟಿಸಿದ್ದ ಕಾಪ್ಟಿಕ್ ಹಸ್ತಪ್ರತಿಯ ಪಕ್ಕ ಇಟ್ಟು ನೋಡಿದರು. ಅಚ್ಚಾದ ಪಾಠದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ನಕಲು ಮಾಡಲಾಗಿತ್ತು. ಸಾಲು ಮುರಿದ ಜಾಗಗಳೂ ತಾಳೆಯಾದವು. ಆ ಪಾಠದ ಕಾಪ್ಟಿಕ್ ಉಪಭಾಷೆಯೋ, ಪಪೈರಸ್ಸಿನ ಕಾಲಕ್ಕಿಂತ ಬಹಳ ಮೊದಲೇ ಬಳಕೆ ತಪ್ಪಿತ್ತು. ಎರಡೂ ಚೂರುಗಳ ಕೈಬರಹ ಒಂದೇ. ಒಂದು ನಕಲಿಯಾದ ಮೇಲೆ ಇನ್ನೊಂದು ಉಳಿಯುವಂತಿರಲಿಲ್ಲ. 2016ರಲ್ಲಿ ಪತ್ರಕರ್ತರೊಬ್ಬರು ಚೂರಿನ ಮಾಲೀಕರ ಜಾಡು ಹಿಡಿದು ಬರೆದ ಮೇಲೆ, ಅದು ಬಹುಶಃ ನಕಲಿ ಎಂದು ಕಿಂಗ್ ಸ್ವತಃ ಒಪ್ಪಿಕೊಂಡರು.

ಅದೇ 2012ರಲ್ಲಿ, ಅಮೆರಿಕದ ಒಂದು ಸಾರ್ವಜನಿಕ ವಾದಸಭೆಯಲ್ಲಿ ಮಾರ್ಕನ ಸುವಾರ್ತೆಯ ಒಂದನೆಯ ಶತಮಾನದ ಚೂರೊಂದು ಸಿಕ್ಕಿದೆ ಎಂಬ ಮಾತು ಬಂತು. ಚಿತ್ರವಿಲ್ಲ, ಪಾಠವಿಲ್ಲ, ಪ್ರಕಟಣೆ ಮುಂದೆ ಬರುತ್ತದೆ ಎಂಬ ಭರವಸೆಯಷ್ಟೆ. ಆರು ವರ್ಷಗಳ ನಂತರ ಆ ಚೂರು ಈಜಿಪ್ಟಿನ ಆಕ್ಸಿರಿಂಕಸ್‌ನ ಪಪೈರಸ್ ಮಾಲೆಯಲ್ಲಿ ಶಾಂತವಾಗಿ ಅಚ್ಚಾಯಿತು. ಸಂಪಾದಕರು ಕೊಟ್ಟ ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಆ ಹೊತ್ತಿಗೆ ‘ಒಂದನೆಯ ಶತಮಾನದ ಮಾರ್ಕ’ ಎಷ್ಟೋ ಪ್ರವಚನಗಳನ್ನು ಸೇರಿಯಾಗಿತ್ತು.

ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂನಲ್ಲಿದ್ದ, ಮೃತ ಸಮುದ್ರದ ಸುರುಳಿಗಳದ್ದೆಂದು ನಂಬಿದ್ದ 16 ಚೂರುಗಳೂ ಹೊಸ ಕಾಲದ ನಕಲಿಗಳೆಂದು 2020ರಲ್ಲಿ ಸಾಬೀತಾದವು. ಹಳೆಯ ಚರ್ಮದ, ಬಹುಶಃ ಪಾದರಕ್ಷೆಯ ಚರ್ಮದ, ತುಣುಕುಗಳ ಮೇಲೆ ಯಾರೋ ಹೀಬ್ರೂ ಅಕ್ಷರಗಳನ್ನು ಬರೆದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಾಯಿ ಚರ್ಮದ ಹಳೆಯ ಬಿರುಕುಗಳೊಳಕ್ಕೆ ಹರಿದಿರುವುದು ಕಂಡಿತು: ಬರೆಯುವ ಹೊತ್ತಿಗೇ ಚರ್ಮ ಬಿರಿದಿತ್ತು. ಆ ಚೂರುಗಳಲ್ಲಿ ಹಲವು 2016ರಲ್ಲಿ ವಿದ್ವತ್ ಸಂಪುಟವೊಂದರಲ್ಲಿ ಅಚ್ಚಾಗಿದ್ದವು. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯಲು 1970ರಲ್ಲಿ ಯುನೆಸ್ಕೊ ಒಪ್ಪಂದವಾಗಿದ್ದರೂ, ವಸ್ತು ಎಲ್ಲಿ ಸಿಕ್ಕಿತು, ಯಾರ ಯಾರ ಕೈದಾಟಿ ಬಂತು ಎಂಬ ವಿವರ ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿದಿತ್ತು. ಈಗ ಪ್ರಮುಖ ನಿಯತಕಾಲಿಕಗಳೂ ಸಂಘಗಳೂ ಲೇಖಕರಿಂದ ಅದನ್ನು ಮೊದಲಿಗೇ ಕೇಳುತ್ತಿವೆ.

ಚಿತ್ರಗಳ ವಿಷಯದಲ್ಲೂ ಬಹಳ ಬದಲಾಗಿದೆ. ನಾಲ್ಕನೆಯ ಶತಮಾನದ ಸೈನಾಯ್ಟಿಕಸ್ ಹಸ್ತಪ್ರತಿಯ ಪುಟಗಳು ಇಂದು ಲಂಡನ್, ಲೈಪ್ಸಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸೈನಾಯ್ ಪರ್ವತದ ಸೇಂಟ್ ಕ್ಯಾಥರೀನ್ ಮಠದಲ್ಲಿ ಹಂಚಿಹೋಗಿವೆ. ಅಂತರಜಾಲದಲ್ಲಿ ಮಾತ್ರ 2009ರಿಂದ ಒಂದೇ ಗ್ರಂಥವಾಗಿ ತೆರೆದಿವೆ. ಮೃತ ಸಮುದ್ರದ ಚೂರುಗಳ ಸೂಕ್ಷ್ಮ ಛಾಯಾಚಿತ್ರಗಳನ್ನು ಇಸ್ರೇಲಿನ ಪುರಾತತ್ವ ಇಲಾಖೆ 2012ರಿಂದ ಉಚಿತವಾಗಿ ಕೊಡುತ್ತಿದೆ. ಅವಕೆಂಪು ಕಿರಣಗಳಲ್ಲಿ ತೆಗೆದ ಚಿತ್ರಗಳಲ್ಲಿ, ಸೆಲೊಟೇಪ್ ಕಾಲದ ವಿದ್ವಾಂಸರಿಗೆ ಕಾಣದೇ ಇದ್ದ ಅಕ್ಷರಗಳೂ ಕಾಣುತ್ತವೆ. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತ ವಿದ್ಯಾರ್ಥಿಗೆ ಹೀಬ್ರೂ ಬಂದರೆ ಸಾಕು, ಅಚ್ಚಾದ ಪಾಠದ ಚೌಕಾವರಣ ಸರಿಯೋ ಅಲ್ಲವೋ ಎಂದು ಮೂಲದ ಚಿತ್ರ ನೋಡಿಯೇ ಹೇಳಬಹುದು.