ನಮ್ಮ ಹೊಲದಾಗೊಂದು ಶಕ್ತಿಮಾನ್

ಶಕ್ತಿಮಾನ್ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗೋದು ದೂರದರ್ಶನ, ಗಿರಗಿರ ತಿರುಗುವ ಮುಖೇಶ್ ಖನ್ನಾ. ನಮ್ಮ ಕಾಕಾನಿಗೆ ಮಾತ್ರ ಅದು ಲಾರಿಯ ಹೆಸರು. ಕಾಕಾ ಮಿಲಿಟರಿಯ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದವರು. "ನಿಮ್ಮ ಟಿವಿ ಶಕ್ತಿಮಾನ್ ನಿಂತಲ್ಲೇ ತಿರಗ್ತಾನ, ನಮ್ದು ಜೋಜಿಲಾ ಏರ್ತಿತ್ತು" ಅನ್ನೋದನ್ನ ಸಣ್ಣವನಿದ್ದಾಗಿಂದ ಕೇಳಿ ಬೆಳೆದವ ನಾನು. ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಿ ನಿಂತಿದ್ದು 1996ರಲ್ಲಿ, ಸೀರಿಯಲ್ ಶುರುವಾಗಿದ್ದು 1997ರಲ್ಲಿ. ಅಂದರೆ ಒಂದು ಹೋದಮೇಲೆ ಇನ್ನೊಂದು ಬಂತು. ನಾನು ನೋಡಿದ್ದು ಎರಡನೆಯದು ಮಾತ್ರ.

ಮೊದಲನೆಯದು ನನಗೆ ಸಿಕ್ಕಿದ್ದು ಮೂರು ವರ್ಷದ ಹಿಂದೆ, ಬಸವಕಲ್ಯಾಣದ ಗುಜರಿ ಯಾರ್ಡಿನಲ್ಲಿ.

ಹೊರಗಿನವರಿಗೆ ಬಸವಕಲ್ಯಾಣ ಅಂದರೆ ಅನುಭವ ಮಂಟಪ, ಚಾಲುಕ್ಯರ ಕೋಟೆ. ನಮ್ಮ ಕಡೆಯವರಿಗೆ ಅದರ ಜೊತೆಗೆ ಲಾರಿ ಕೂಡ. ಯಾವ ರಾಜ್ಯದ ಹೈವೇ ಢಾಬಾದಲ್ಲಿ ನಿಂತರೂ ಕೆಎ-56 ನಂಬರಿನ ಒಂದು ಲಾರಿಯಾದರೂ ಕಣ್ಣಿಗೆ ಬೀಳುತ್ತೆ ಅಂತ ನಮ್ಮವರ ಜಂಬ. ಆಟೋನಗರಕ್ಕೆ ಹೋದರೆ ಬಾಡಿ ಕಟ್ಟುವವರು, ಪಾಟಾ ಬಡಿಯುವವರು, ಹಳೇ ಎಕ್ಸೆಲ್ ಮಾರುವವರು. ನಾನು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೋಡ್ ಬರೆಯುವವ. ಆ ದಿನ ಹೋಗಿದ್ದು ಅಪ್ಪನ ಟ್ರ್ಯಾಕ್ಟರ್ ಟ್ರಾಲಿಗೆ ಒಂದು ಹಬ್ ಹುಡುಕಿಕೊಂಡು. ಕಾಕಾನೂ ಸುಮ್ಮನೆ ಜೊತೆಗೆ ಬಂದಿದ್ದರು.

ಯಾರ್ಡಿನ ಮೂಲೆಯಲ್ಲಿ ಜಾಲಿ ಗಿಡದ ನಡುವೆ ಒಂದು ಉದ್ದ ಮೂತಿಯ ಲಾರಿ ನಿಂತಿತ್ತು. ಟೈರ್ ನೆಲ ಕಚ್ಚಿದ್ದವು, ಗ್ಲಾಸ್ ಇರಲಿಲ್ಲ, ಸೀಟಿನ ಸ್ಪ್ರಿಂಗ್ ಹೊರಗೆ. ಕಾಕಾ ಏನೂ ಮಾತಾಡದೆ ಹೋಗಿ ಬಂಪರಿನ ಮೇಲಿನ ಹಳೇ ಬಣ್ಣವನ್ನು ಕೀಲಿಯಿಂದ ಕೆರೆಯತೊಡಗಿದರು. ಒಂದು ಪದರ, ಎರಡು ಪದರ. ಆಮೇಲೆ ಮೇಲ್ಮುಖವಾದ ಒಂದು ಬಾಣ, ಅದರ ಪಕ್ಕ 86 ಅಂತ ಅಂಕಿ. ಸೇನೆಯ ಗಾಡಿಗಳಿಗೆ ನಮ್ಮ ಹಾಗೆ ರಾಜ್ಯದ ನಂಬರ್ ಇರೋದಿಲ್ಲ. ಮೊದಲು ಬಾಣ, ನಂತರ ಸೇನೆಗೆ ಬಂದ ವರ್ಷದ ಎರಡು ಅಂಕಿ, ಆಮೇಲೆ ಅಕ್ಷರ, ಕ್ರಮಸಂಖ್ಯೆ. "ಎಂಬತ್ತಾರನೇ ಇಸ್ವಿದು," ಅಂದರು ಕಾಕಾ. "ನಾ ಭರ್ತಿ ಆದ ವರ್ಷ."

ಅಷ್ಟು ಸಾಕಾಯ್ತು ನನಗೆ. ಯಾರ್ಡಿನವ ಮರುವಾರ ಕತ್ತರಿಸುವವನಿದ್ದ. ಕಬ್ಬಿಣದ ತೂಕದ ರೇಟಿಗೆ, ಒಂದೂ ಮುಕ್ಕಾಲು ಲಕ್ಷಕ್ಕೆ ಮಾತಾಯ್ತು. ಹೊಸ ಕಾರಿನ ಡೌನ್ ಪೇಮೆಂಟ್‌ಗೆ ಅಂತ ಇಟ್ಟಿದ್ದ ದುಡ್ಡು. ಹುಮನಾಬಾದ್ ಹತ್ತಿರದ ನಮ್ಮ ಹೊಲಕ್ಕೆ ಟ್ರೇಲರ್ ಮೇಲೆ ಬಂದು ಇಳಿದಾಗ ಅವ್ವ ಒಂದೇ ಮಾತು ಕೇಳಿದಳು: "ಇದು ಎಷ್ಟು ಸೇರ್ ಹಾಲು ಕೊಡ್ತದ?"

ಈ ಗಾಡಿಯ ಕತೆ ಸ್ವಲ್ಪ ಹೇಳಲೇಬೇಕು. ಸ್ವಾತಂತ್ರ್ಯ ಬಂದಾಗ ನಮ್ಮ ಸೇನೆ ಓಡಿಸುತ್ತಿದ್ದದ್ದು ಎರಡನೇ ಮಹಾಯುದ್ಧ ಬಿಟ್ಟುಹೋದ ಫೋರ್ಡ್, ಷೆವರ್ಲೆಗಳನ್ನ. 1950ರ ದಶಕದ ಕೊನೆಗೆ, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ, ಜರ್ಮನಿಯ ಎಂಎಎನ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ಸರ್ಕಾರಿ ಕಾರ್ಖಾನೆಗಳಲ್ಲೇ ಈ ಲಾರಿ ತಯಾರಿಸಲು ಶುರುಮಾಡಿದರು. ನಂತರ ಅದಕ್ಕೆಂದೇ ಜಬಲ್ಪುರದಲ್ಲಿ ವೆಹಿಕಲ್ ಫ್ಯಾಕ್ಟರಿ ಬಂತು. ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ, ಆರು ಸಿಲಿಂಡರಿನ ಡೀಸೆಲ್. 1965, 1971ರ ಯುದ್ಧಗಳಲ್ಲಿ ಸೈನಿಕರನ್ನ, ರೇಷನ್ನನ್ನ, ಮದ್ದುಗುಂಡನ್ನ ಹೊತ್ತಿದ್ದು ಇದೇ. ಇದರ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾದ ಎಲ್‌ಪಿಟಿಎ ಬಂದವು.

ಇಂಜಿನ್ ಬಗ್ಗೆ ನನಗೆ ತುಂಬ ಇಷ್ಟವಾಗಿದ್ದು ಅದರ ದನಿ. ಸಾಮಾನ್ಯ ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆಯನ್ನ ಬಿಸಿ ಗಾಳಿಯೊಳಗೆ ಚಿಮ್ಮಿಸುತ್ತಾರೆ. ಅದು ಒಮ್ಮೆಲೇ ಹೊತ್ತಿಕೊಂಡು ಟಕಟಕ ಅನ್ನುತ್ತೆ. ಎಂಎಎನ್‌ನವರು ಪಿಸ್ಟನ್ನಿನ ತಲೆಯಲ್ಲಿ ದುಂಡನೆಯ ಬಟ್ಟಲು ಮಾಡಿ, ಅದರ ಗೋಡೆಗೆ ಎಣ್ಣೆ ಸವರುವ ಹಾಗೆ ಮಾಡಿದರು. ಎಣ್ಣೆ ನಿಧಾನಕ್ಕೆ ಆವಿಯಾಗುತ್ತಾ ಉರಿಯುತ್ತೆ, ಸಪ್ಪಳ ಮೆತ್ತಗಾಗುತ್ತೆ. ಕಾಕಾನಿಗೆ ಈ ಥಿಯರಿ ಗೊತ್ತಿಲ್ಲ. ಅವರು ಹೇಳೋದು, "ಅದು ಒದರಲ್ಲ, ಗುನುಗ್ತದ."

ಗುನುಗಿಸೋದಕ್ಕೆ ಎರಡು ವರ್ಷ ಬೇಕಾಯ್ತು. ಬಸವಕಲ್ಯಾಣದಿಂದ ಉಸ್ತಾದ್ ಬರುತ್ತಿದ್ದರು, ವಾರಕ್ಕೊಮ್ಮೆ, ಹಳೇ ಬೈಕಿನ ಮೇಲೆ ಪಾನಾಗಳ ಚೀಲ ಕಟ್ಟಿಕೊಂಡು. ಅರವತ್ತೈದು ದಾಟಿದ ಮನುಷ್ಯ, ಹನ್ನೆರಡನೇ ವಯಸ್ಸಿಗೆ ಗ್ಯಾರೇಜಿಗೆ ಸೇರಿದವರು. ಮೊದಲ ದಿನ ಇಂಜಿನ್ ಪುಲ್ಲಿಗೆ ರಾಡ್ ಹಾಕಿ ತಿರುಗಿಸಿದರೆ ಅಲ್ಲಾಡಲಿಲ್ಲ. "ಜಾಮ್ ಆಗ್ಯದ ಬೇಟಾ, ಸತ್ತಿಲ್ಲ," ಅಂದರು. ನಾಜಲ್‌ಗಳನ್ನ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲು, ಸೀಮೆಎಣ್ಣೆ, ಇಂಜಿನ್ ಆಯಿಲ್ ಬೆರೆಸಿ ಹೊಯ್ದು ಬಿಟ್ಟೆವು. ಮುಂದಿನ ವಾರ ಬಂದು ಮತ್ತೆ ಹೊಯ್ದರು. ಮೂರನೇ ವಾರ ರಾಡ್ ಅರ್ಧ ಇಂಚು ಸರಿಯಿತು. ಆ ಅರ್ಧ ಇಂಚಿಗೆ ನಾವು ಮೂವರೂ ಕೂಗಾಡಿದ್ದು ನೋಡಿ ಪಕ್ಕದ ಹೊಲದವರು ಓಡಿ ಬಂದರು, ಹಾವು ಬಂತೇನೋ ಅಂತ.

ನನ್ನ ಕೆಲಸದಲ್ಲಿ ಏನಾದರೂ ಕೆಟ್ಟರೆ ಲಾಗ್ ಫೈಲ್ ನೋಡ್ತೀನಿ. ಇಲ್ಲಿ ಉಸ್ತಾದರ ಕಿವಿಯೇ ಲಾಗ್ ಫೈಲ್. ಪಂಪ್ ಬಿಚ್ಚಿ ಡೀಸೆಲ್ ಪಂಪ್ ಅಂಗಡಿಗೆ ಕೊಟ್ಟು ಕ್ಯಾಲಿಬ್ರೇಷನ್ ಮಾಡಿಸಿದೆವು. ಟ್ಯಾಂಕಿನಿಂದ ಒಂದು ಬುಟ್ಟಿ ತುಕ್ಕು ಬಂತು. ಏರ್ ಕ್ಲೀನರಿನಲ್ಲಿ ಕಣಜದ ಗೂಡು. ಬ್ರೇಕಿನ ರಬ್ಬರುಗಳೆಲ್ಲ ಕಲ್ಲಾಗಿದ್ದವು. ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗ್ ಹಾಕಿಸಿದ್ದು, ಒಂದು ಬುಶ್ಶನ್ನ ಅಳತೆ ಕೊಟ್ಟು ಲೇತ್ ಮೇಲೆ ಕಡೆಸಿದ್ದು ಎಲ್ಲ ಬಸವಕಲ್ಯಾಣದಲ್ಲೇ. ನಿಜ ಹೇಳಬೇಕಂದರೆ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇದ್ದಿದ್ದರೆ ಈ ಹುಚ್ಚು ಆರು ತಿಂಗಳಿಗೇ ಇಳಿಯುತ್ತಿತ್ತು. ಕೈಯಿಂದ ಬಿಡಿಭಾಗ ಮಾಡಿಕೊಡುವ ಮನುಷ್ಯರಿರುವ ಊರು ಹತ್ತಿರ ಇರಬೇಕು. ಒಟ್ಟು ಖರ್ಚು ನಾಲ್ಕೂವರೆ ಲಕ್ಷದ ಹತ್ತಿರ ಬಂತು, ಗಾಡಿಯದ್ದು ಬಿಟ್ಟು. ಇದನ್ನ ಅವ್ವ ಓದಲ್ಲ ಅಂತ ನಂಬಿದ್ದೀನಿ.

ಇಷ್ಟೆಲ್ಲ ಆದಮೇಲೆ ನನಗೆ ಗೊತ್ತಾಗಿದ್ದು, ಈ ಗಾಡಿಯನ್ನ ರಸ್ತೆಗೆ ಇಳಿಸೋ ಹಾಗಿಲ್ಲ ಅಂತ.

ಇದು ನನ್ನದೇ ತಪ್ಪು. ನಿಮಗೂ ಇಂಥ ಆಸೆ ಇದ್ದರೆ ಈ ಪ್ಯಾರಾ ಎರಡು ಸಲ ಓದಿ. ಸೇನೆ ಬೇಡವೆಂದ ಗಾಡಿಗಳು ಎಂಎಸ್‌ಟಿಸಿ ಅನ್ನೋ ಕೇಂದ್ರ ಸರ್ಕಾರದ ಕಂಪನಿಯ ಆನ್‌ಲೈನ್ ಹರಾಜಿಗೆ ಬರುತ್ತವೆ. ಗುಜರಿ ಅಂತ ಮಾರಿದ್ದಾರೋ, ಓಡಿಸುವ ವಾಹನ ಅಂತ ಮಾರಿದ್ದಾರೋ ಅನ್ನೋದು ಹರಾಜಿನ ಷರತ್ತಿನಲ್ಲೇ ನೋಡಬೇಕು. ಸೇನೆಯಲ್ಲಿರುವ ತನಕ ಗಾಡಿಗೆ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಬೇರೆಯೇ ನೋಂದಣಿ. ಹೊರಗೆ ಬಂದ ಮೇಲೆ ನಮ್ಮ ನಿಮ್ಮ ಗಾಡಿಯ ಹಾಗೆ ಆರ್‌ಟಿಒದಲ್ಲಿ ನೋಂದಣಿ ಆಗಬೇಕು, ಅದಕ್ಕೆ ಹರಾಜಿನಿಂದ ಹಿಡಿದು ನಿಮ್ಮ ಕೈಗೆ ಬರುವ ತನಕದ ಕಾಗದ ಒಂದೂ ತಪ್ಪದೆ ಇರಬೇಕು. ನನ್ನ ಗಾಡಿ ಗುಜರಿಯಾಗಿ ಮೂರು ಕೈ ಬದಲಿಸಿತ್ತು. ನನ್ನ ಹತ್ತಿರ ಇದ್ದದ್ದು ತೂಕದ ಚೀಟಿ.

ವಿಂಟೇಜ್ ಅಂತ ಮಾಡಿಸಬಹುದಲ್ಲ ಅಂತ ಗೆಳೆಯರು ಹೇಳಿದರು. 2021ರಲ್ಲಿ ಆ ನಿಯಮ ಬಂದಿದೆ, ನಿಜ. 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರ್, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಅದು ಕಾರು, ಬೈಕುಗಳಿಗೆ. ಲಾರಿ ಅದರೊಳಗೆ ಬರಲ್ಲ. ಜರ್ಮನಿಯಲ್ಲಿ ಇದರ ಅಣ್ಣ, ಎಂಎಎನ್ 630 ಅನ್ನೋ ಮಿಲಿಟರಿ ಲಾರಿಗೆ 30 ವರ್ಷ ದಾಟಿದ್ದಕ್ಕೆ 'ಎಚ್' ಅಕ್ಷರದ ಪ್ಲೇಟ್ ಸಿಗುತ್ತೆ. ಜನ ಹಿಂದೆ ಹಾಸಿಗೆ, ಒಲೆ ಇಟ್ಟುಕೊಂಡು ಪ್ರವಾಸ ಹೋಗ್ತಾರೆ. ಆ ಫೋಟೋಗಳನ್ನ ನಾನು ರಾತ್ರಿ ಹೊತ್ತು ನೋಡೋದನ್ನ ಈಗ ಬಿಟ್ಟಿದ್ದೀನಿ.

ಬಣ್ಣದ ವಿಷಯದಲ್ಲೂ ಹಾಗೇ. ಕಾಕಾನಿಗೆ ಆಲಿವ್ ಹಸಿರೇ ಬೇಕಿತ್ತು. ಸೇನೆಯದ್ದಲ್ಲದ ಯಾವ ಮೋಟಾರು ವಾಹನಕ್ಕೂ ಆ ಬಣ್ಣ ಬಳಿಯಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲಿದೆ. ಮಾಜಿ ಸೈನಿಕ ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ. ಕೊನೆಗೆ ನಮ್ಮ ಕಡೆಯ ಕೆಮ್ಮಣ್ಣಿನ ಬಣ್ಣ ಹೊಡೆಸಿದೆವು. ಪೇಂಟರ್ ಹಿಂದಿನ ಹಲಗೆಯ ಮುಂದೆ ಕುಂಚ ಹಿಡಿದು, "ಹಾರ್ನ್ ಓಕೆ ಪ್ಲೀಸ್ ಬರೀಲೇನ್ರಿ?" ಅಂತ ಕೇಳಿದ. ಕಾಕಾ ನೋಡಿದ ನೋಟಕ್ಕೆ ಕುಂಚ ಕೆಳಗಿಟ್ಟ.

ಹೋದ ವರ್ಷ ಆಗಸ್ಟ್ ಕೊನೆಗೆ ಊರಿನ ಹುಡುಗರು ಬಂದರು. ಸೆಪ್ಟೆಂಬರ್ 17ಕ್ಕೆ, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಮೆರವಣಿಗೆಯ ಮುಂದೆ ಈ ಲಾರಿ ಬೇಕು ಅಂದರು. ನನಗೂ ಉಬ್ಬಿತು. ಯಾಕಂದರೆ ನಮ್ಮ ಹೊಲದ ಬದಿಯ ಈ ಹೈವೇನೇ, ಈಗಿನ ಎನ್‌ಎಚ್ 65, ಆವತ್ತು ಸೇನೆ ಬಂದ ದಾರಿ. 1948ರ ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರದ ಕಡೆಯಿಂದ ಹೊರಟ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ನಳದುರ್ಗ, ಉಮರ್ಗಾ ದಾಟಿ ಮರುದಿನ ಮಧ್ಯಾಹ್ನಕ್ಕೆ ನಮ್ಮ ರಾಜೇಶ್ವರಕ್ಕೆ ಬಂದಿತ್ತು. ಅಲ್ಲಿಂದ ಜಹೀರಾಬಾದಿನ ಕಡೆಗೆ ಹೋಯಿತು. 17ಕ್ಕೆ ನಿಜಾಮರು ಸೋಲೊಪ್ಪಿದರು.

ಕಾಕಾ ಕಟ್ಟೆ ಮೇಲೆ ಕೂತು ತಮ್ಮ ತಾಯಿಯ ಕತೆ ಹೇಳಿದರು. ಆ ವರ್ಷ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಜನರನ್ನ ಸಾಲುಸಾಲಾಗಿ ಕೊಂದ ಮೇಲೆ ಸುತ್ತಲಿನ ಊರುಗಳಲ್ಲಿ ಹೆಂಗಸರು ರಾತ್ರಿ ಮನೆಯಲ್ಲಿ ಮಲಗುತ್ತಿರಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಮಿಲಿಟರಿ ಲಾರಿಯ ಸಪ್ಪಳ ಕೇಳಿದ ಮೇಲೇ ಅಜ್ಜಿ ಜೋಳದ ಹೊಲದಿಂದ ಹೊರಗೆ ಬಂದದ್ದು. "ಆ ಸಪ್ಪಳ ಕೇಳಿದ್ರ ಆಕಿ ಕೈ ಮುಗೀತಿದ್ಲು," ಅಂದರು.

ಉಸ್ತಾದ್ ಚಕ್ರದ ನಟ್ ಬಿಗಿ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. ಹುಡುಗರು ಹೋದ ಮೇಲೆ, ಕೈ ಒರೆಸಿಕೊಳ್ಳುತ್ತಾ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು: "ನಮ್ಮ ದಾದಿ ಆ ಸಪ್ಪಳ ಕೇಳಿದ್ರ ಸಾಯೋತನ ಅಂಜತಿದ್ಲು ಬೇಟಾ. ಗಾಡಿದೇನು ತಪ್ಪದ ಬಿಡು."

ಸೇನೆ ಮುಂದೆ ಹೋದ ಮೇಲಿನ ವಾರಗಳಲ್ಲಿ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದನ್ನ ನೋಡಲು ಕೇಂದ್ರ ಸರ್ಕಾರವೇ ಸುಂದರಲಾಲ್ ಸಮಿತಿ ಕಳಿಸಿತ್ತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು ಅಂತ ಅದರ ವರದಿ ಹೇಳುತ್ತೆ. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ನಾನು ಓದಿದ ಸ್ಕೂಲ್ ಪುಸ್ತಕದಲ್ಲಿ ಗೋರಟಾವೂ ಇರಲಿಲ್ಲ, ಇದೂ ಇರಲಿಲ್ಲ. ಎರಡು ವರ್ಷ ಒಂದೇ ಇಂಜಿನ್ನಿನ ಮೇಲೆ ಬಗ್ಗಿ ನಿಂತವರು ಇವರಿಬ್ಬರೂ. ಇಬ್ಬರ ಮನೆಯಲ್ಲೂ ಈ ಸಪ್ಪಳಕ್ಕೆ ಒಂದೊಂದು ಅರ್ಥ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಹುಡುಗರಿಗೆ ಫೋನ್ ಮಾಡಿ, ಗಾಡಿಗೆ ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ, ರಸ್ತೆಗೆ ತಂದರೆ ಕೇಸ್ ಆಗುತ್ತೆ ಅಂದೆ. ಅಂದದ್ದೆಲ್ಲ ಸತ್ಯವೇ. ಎಂಬತ್ತಾರರ ಗಾಡಿ ನಲವತ್ತೆಂಟರ ಮೆರವಣಿಗೆಗೆ ಹೇಗೆ ಸರಿಹೋಗುತ್ತೆ, ಆಗ ಶಕ್ತಿಮಾನ್ ಹುಟ್ಟೇ ಇರಲಿಲ್ಲ ಅಂತಲೂ ಸೇರಿಸಿದೆ, ಎಂಜಿನಿಯರ್ ಬುದ್ಧಿ. ನಿಜವಾದ ಕಾರಣ ಮಾತ್ರ ಹೇಳಲಿಲ್ಲ. ಕಾಗದ ಇಲ್ಲದ್ದು ಅವತ್ತೊಂದು ದಿನ ನನಗೆ ಅನುಕೂಲವೇ ಆಯ್ತು, ಅದಕ್ಕೆ ಈಗಲೂ ಸ್ವಲ್ಪ ನಾಚಿಕೆ ಇದೆ. ಕಾಕಾ ಯಾಕೆ ಅಂತ ಕೇಳಲಿಲ್ಲ. ಉಸ್ತಾದರ ಮಾತು ಅವರ ಕಿವಿಗೂ ಬಿದ್ದಿತ್ತು ಅಂತ ನನ್ನ ಅನುಮಾನ.

ಅಕ್ಟೋಬರ್ ಮೊದಲ ವಾರ ಸೋಯಾ ರಾಶಿ ಹೊತ್ತಿಗೆ ಮಳೆ ಹಿಡಿಯಿತು. ಪಕ್ಕದ ಹೊಲದಲ್ಲಿ ರಾಶಿ ಮಷೀನ್ ಎಳೆಯುತ್ತಿದ್ದ ಟ್ರ್ಯಾಕ್ಟರ್ ಎರೆಮಣ್ಣಿನಲ್ಲಿ ಎಕ್ಸೆಲ್ ತನಕ ಹೂತುಹೋಯ್ತು. ಇನ್ನೊಂದು ಟ್ರ್ಯಾಕ್ಟರ್ ತಂದರು, ಅದೂ ಕೂತಿತು. ಅವತ್ತು ಉಸ್ತಾದ್ ಡೈನಮೋ ನೋಡಲು ಬಂದಿದ್ದರು. ನಡುವೆ ಬದು ಒಂದೇ, ರಸ್ತೆ ಮುಟ್ಟುವ ಪ್ರಸಂಗವೇ ಇಲ್ಲ. ನಾನು ಸ್ಟೇರಿಂಗ್ ಕಡೆ ಹತ್ತಲು ಹೋದರೆ ಕಾಕಾ ಅಂಗಿ ಹಿಡಿದು ಇಳಿಸಿದರು. "ಉಸ್ತಾದ್, ನೀ ಹತ್ತಪ್ಪಾ. ರಿಪೇರಿ ಮಾಡಿದವ್ರು ಒಮ್ಮೆರ ಓಡಿಸ್ಬೇಕು."

ಎರಡು ಬ್ಯಾಟರಿ ಸೇರಿ ಇಂಜಿನ್ ತಿರುಗಿಸಿದವು. ಮೊದಲು ಬಿಳಿ ಹೊಗೆ, ಆಮೇಲೆ ಗುನುಗು. ಕಾಕಾ ಪಕ್ಕದಲ್ಲಿ ಕೂತು, ಮುಂದಿನ ಎಕ್ಸೆಲ್ ಜೋಡಿಸುವ ಲಿವರ್ ಯಾವುದು, ಲೋ ಗೇರ್ ಯಾವುದು ಅಂತ ತೋರಿಸುತ್ತಿದ್ದರು. "ಆ್ಯಕ್ಸಿಲೇಟರ್ ಒತ್ತಬ್ಯಾಡ, ತಾನೇ ಹೋಗ್ತದ." ಸರಪಳಿ ಬಿಗಿಯಾಯ್ತು. ನಾಲ್ಕೂ ಚಕ್ರ ನಿಧಾನಕ್ಕೆ ಮಣ್ಣು ಅಗಿಯುತ್ತಾ ಹಿಂದಕ್ಕೆ ಸರಿದವು, ಹಿಂದೆಯೇ ಟ್ರ್ಯಾಕ್ಟರ್ ಹೊರಳಾಡುತ್ತಾ ಮೇಲೆ ಬಂತು. ಮಷೀನೂ ಬಂತು. ಎರಡನೇ ಟ್ರ್ಯಾಕ್ಟರಿಗೆ ಮತ್ತೆ ಹೋದರು. ಕೆಳಗಿಳಿದಾಗ ಉಸ್ತಾದರ ಗಡ್ಡಕ್ಕೆಲ್ಲ ಕೆಸರು, ಮುಖದಲ್ಲಿ ಹನ್ನೆರಡು ವರ್ಷದ ಹುಡುಗನ ನಗು.

ಹೊಲದವರು ಬಂದು, "ಬಾಡಿಗಿ ಎಷ್ಟ್ ಕೊಡ್ಬೇಕ್ರಿ?" ಅಂದರು.

"ಇದು ಬಾಡಿಗಿ ಗಾಡಿ ಅಲ್ರಿ," ಅಂದರು ಕಾಕಾ. ಉಸ್ತಾದ್ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಕಡ್ಡಿ ಹಾಕಿ ನೋಡಿ, "ಒಂದ್ ಕ್ಯಾನ್ ಎಣ್ಣಿ ಹಾಕಸ್ರಿ, ಫೌಜಿ ಸಾಬ್ ಸಂಕೋಚ ಮಾಡ್ಲತ್ತಾರ" ಅಂದರು.