ಬ್ಯಾಡಗಿಯ ಬಣ್ಣ, ಅಣಬೆಯ ಸ್ವಾದ

ರಾಣೆಬೆನ್ನೂರಿನ ಓದುಗರೊಬ್ಬರ ಪತ್ರದಲ್ಲಿ ಒಂದು ಪ್ರಶ್ನೆಯಿದೆ. ಪ್ರಶ್ನೆ ಅಡುಗೆಮನೆಯದಾದರೂ ಅದಕ್ಕೆ ಸಮಾಧಾನವು ಪಾಕಶಾಸ್ತ್ರದ ಪುಸ್ತಕಗಳಿಗಿಂತ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಸುಲಭವಾಗಿ ದೊರೆಯುವಂಥದು. ಬೆಂಗಳೂರಿನಲ್ಲಿ ನೆಲಸಿರುವ ಅವರ ಸೊಸೆ, ಥಾಯ್ಲೆಂಡಿನ ಮನೆಮನೆಗಳಲ್ಲಿ ಮಾಡುವ ‘ಟೊಮ್ ಯಮ್ ಹೆಟ್’ ಎಂಬ ಅಣಬೆಯ ಹುಳಿಸಾರನ್ನು ಕಲಿತು, ಹಬ್ಬಕ್ಕೆ ಊರಿಗೆ ಬಂದಾಗ ಚಿಪ್ಪಣಬೆ, ಮಜ್ಜಿಗೆಹುಲ್ಲು, ನಿಂಬೆರಸ, ಬ್ಯಾಡಗಿ ಮೆಣಸಿನಕಾಯಿಗಳನ್ನು ಕೂಡಿಸಿ ಅದನ್ನು ಮಾಡಿ ಬಡಿಸಿದರಂತೆ. ಮನೆಯವರು ಶಾಕಾಹಾರಿಗಳಾದುದರಿಂದ ಅದಕ್ಕೆ ಸೇರಬೇಕಾದ ಮೀನಿನ ರಸವನ್ನು ಕೈಬಿಟ್ಟರಂತೆ. ಬಣ್ಣ ಕಣ್ಣಿಗೆ ಕಟ್ಟುವಂತಿತ್ತು, ಹುಳಿ ಹದವಾಗಿತ್ತು, ಘಮಕ್ಕೂ ಕೊರತೆಯಿರಲಿಲ್ಲ. ಆದರೂ ಸಾರು ಸಪ್ಪೆ. ಉಪ್ಪು ಹಾಕಿದಷ್ಟೂ ಉಪ್ಪಾಯಿತೇ ಹೊರತು ರುಚಿಯಾಗಲಿಲ್ಲ. ಖಾರವಂತೂ ಮೊಮ್ಮಗು ಕೂಡ ಅಳದೆ ಉಣ್ಣುವಷ್ಟೇ ಇತ್ತು. ಇದೇಕೆ ಹೀಗೆ ಎಂಬುದು ಅವರ ಪ್ರಶ್ನೆ.

ಸಪ್ಪೆಗೆ ಕಾರಣ ಆ ಕೈಬಿಟ್ಟ ಮೀನಿನ ರಸ. ಥಾಯಿಗಳು ‘ನಾಮ್ ಪ್ಲಾ’ ಎನ್ನುವ ಈ ದ್ರವವು, ಸಣ್ಣ ಸಮುದ್ರಮೀನುಗಳನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಮುಚ್ಚಿಟ್ಟಾಗ ಅವುಗಳ ಪ್ರೋಟೀನು ತಾನಾಗಿ ಕಳಚಿ ಅಮೈನೋ ಆಮ್ಲಗಳಾಗಿ ಒಸರುವುದರಿಂದ ಸಿದ್ಧವಾಗುತ್ತದೆ. ಆ ಆಮ್ಲಗಳಲ್ಲಿ ಪ್ರಧಾನವಾದುದು ಗ್ಲುಟಾಮಿಕ್ ಆಮ್ಲ. ಇದನ್ನು ಗೋದಿಯ ಅಂಟಿನಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರಿಟ್‌ಹೌಸೆನ್, 1866ರಲ್ಲಿ. ಆದರೆ ನಾಲಗೆಗೂ ಅದಕ್ಕೂ ಇರುವ ಸಂಬಂಧವನ್ನು ಕಂಡುಕೊಳ್ಳಲು ಇನ್ನೂ ನಾಲ್ಕು ದಶಕಗಳು ಕಳೆಯಬೇಕಾಯಿತು. ಟೋಕಿಯೋದ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕಿಕುನೆ ಇಕೆಡಾ ಅವರು, ತಮ್ಮ ನಾಡಿನವರು ಸಾರಿಗೆ ಹಾಕುವ ‘ಕೊಂಬು’ ಎಂಬ ಕಡಲಪಾಚಿಯ ಸವಿಯು ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕರಲ್ಲಿ ಯಾವುದಕ್ಕೂ ಸೇರದೆಂಬುದನ್ನು ಗಮನಿಸಿ, ಸುಮಾರು 12 ಕಿಲೋ ಪಾಚಿಯನ್ನು ಕುದಿಸಿ, ಸೋಸಿ, ಹರಳುಗಟ್ಟಿಸಿ, 1908ರಲ್ಲಿ ಕೊನೆಗೆ ಕೈಗೆ ತಂದುಕೊಂಡದ್ದು 30 ಗ್ರಾಮಿನಷ್ಟು ಇದೇ ಆಮ್ಲವನ್ನು. ಆ ರುಚಿಗೆ ಅವರು ಕೊಟ್ಟ ಹೆಸರು ಉಮಾಮಿ. ರಾಣೆಬೆನ್ನೂರಿನ ಸಂಜೆಯ ಗೋಬಿ ಮಂಚೂರಿ ಗಾಡಿಗಳಲ್ಲಿ ಕಾಣುವ ಬಿಳಿಯ ಹರಳು ಅಜಿನೊಮೊಟೊ ಅವರ ಆ ಶೋಧನೆಯ ನೇರ ಸಂತಾನ.

ಆದರೆ ಅಣಬೆಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಇಲ್ಲಿಂದ ಮುಂದೆಯೇ ಅದಕ್ಕೆ ರಂಗೇರುವುದು. ಇಕೆಡಾ ಅವರ ಶಿಷ್ಯ ಶಿಂಟಾರೋ ಕೊಡಾಮಾ 1913ರಲ್ಲಿ ಒಣಮೀನಿನಿಂದ ಇನೋಸಿನಿಕ್ ಆಮ್ಲವೆಂಬ, ಬೇರೆಯೇ ವಂಶಕ್ಕೆ ಸೇರಿದ ಸ್ವಾದದ್ರವ್ಯವನ್ನು ಪಡೆದರು. ಸೋಯಾ ರಸ ತಯಾರಿಸುವ ಸಂಸ್ಥೆಯೊಂದರಲ್ಲಿದ್ದ ಅಕಿರಾ ಕುನಿನಾಕಾ 1957ರ ಸುಮಾರಿಗೆ ಅದೇ ವಂಶದ ಗ್ವಾನಿಲಿಕ್ ಆಮ್ಲದ ಸ್ವಾದವನ್ನು ಗುರುತಿಸಿದರು; ಒಣಗಿಸಿದ ಶಿಟಾಕೆ ಅಣಬೆಯ ಸತ್ವ ಇದೇ ದ್ರವ್ಯ. ಅಷ್ಟಕ್ಕೇ ನಿಲ್ಲದೆ ಕುನಿನಾಕಾ ಅವರು ಗ್ಲುಟಾಮಿಕ್ ಮತ್ತು ಗ್ವಾನಿಲಿಕ್ ಆಮ್ಲಗಳ ಲವಣಗಳನ್ನು ಒಟ್ಟಿಗೆ ನಾಲಗೆಯ ಮೇಲಿಟ್ಟು ನೋಡಿದಾಗ ಸ್ವಾದವು ಎರಡರ ಮೊತ್ತವಾಗಲಿಲ್ಲ, ಹಲವು ಪಟ್ಟಾಯಿತು. 1967ರಲ್ಲಿ ಶಿಜುಕೋ ಯಮಗುಚಿ ಎಂಬ ವಿದುಷಿ ಗ್ಲುಟಾಮೇಟಿನೊಡನೆ ಇನೋಸಿನಿಕ್ ಆಮ್ಲದ ಲವಣವನ್ನು ಬೆರೆಸಿ ಇದಕ್ಕೆ ಗಣಿತದ ಸೂತ್ರವನ್ನೇ ಕೊಟ್ಟರು: ಎರಡನ್ನೂ ಸಮವಾಗಿ ಬೆರೆಸಿದರೆ ಸ್ವಾದದ ತೀವ್ರತೆ ಒಂದೇ ಇದ್ದಾಗಿನದಕ್ಕಿಂತ ಸುಮಾರು ಏಳೆಂಟು ಪಟ್ಟು ಏರುವುದು.

ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹುಟ್ಟಿದ ಹಾನಗಲ್ಲಿನ ಸೀಮೆಯ ಜನಕ್ಕೆ ಇದನ್ನು ತಿಳಿಯಹೇಳಲು ತಂಬೂರಿಗಿಂತ ಒಳ್ಳೆಯ ಸಾಧನ ನನಗೆ ತೋಚದು. ತಂಬೂರಿಯ ಯಾವ ತಂತಿಯನ್ನೂ ಗಾಂಧಾರಕ್ಕೆ ಬಿಗಿದಿರುವುದಿಲ್ಲ. ಇರುವುದು ಪಂಚಮ ಮತ್ತು ಷಡ್ಜಗಳ ತಂತಿಗಳಷ್ಟೇ. ಆದರೂ ಜವಾರಿಯ ದಾರ ಸರಿಯಾದ ಸ್ಥಾನದಲ್ಲಿ ಕೂತು, ಖರ್ಜದ (ಮಂದ್ರ ಷಡ್ಜದ) ತಂತಿ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಶ್ರುತಿಗೂಡಿದ ಕ್ಷಣದಲ್ಲಿ, ಯಾರೂ ಮೀಟದ ಗಾಂಧಾರವೊಂದು ತಾನೇತಾನಾಗಿ ಕೊಠಡಿಯನ್ನು ತುಂಬುತ್ತದೆ. ದಾರವನ್ನು ತುಸು ಸರಿಸಿದರೆ ಅದು ಮಾಯವಾಗಿ, ಅದೇ ತಂತಿಗಳು, ಅದೇ ಬೆರಳುಗಳು ಇದ್ದೂ ನಾದ ಬರಡಾಗುತ್ತದೆ. ನಮ್ಮ ಓದುಗರ ಸಾರಿಗೆ ಆದುದೂ ಇದೇ: ತಂತಿಗಳಲ್ಲಿ ಒಂದನ್ನು ಬಿಚ್ಚಿಟ್ಟು ಗಾಂಧಾರ ಕೇಳಿಸಲಿಲ್ಲವಲ್ಲ ಎಂದು ಅವರು ಚಿಂತಿಸುತ್ತಿದ್ದಾರೆ, ಮತ್ತು ಉಪ್ಪು ಹಾಕುತ್ತಾ ಹೋದದ್ದು ಉಳಿದ ತಂತಿಯನ್ನೇ ಜೋರಾಗಿ ಮೀಟಿದಂತೆ. ಒಂದು ಭೇದವನ್ನು ಮಾತ್ರ ಹೇಳಿಬಿಡಬೇಕು. ಗಾಂಧಾರವು ತಂತಿಯ ಕಂಪನದಲ್ಲಿಯೇ ಅಡಗಿರುವಂಥದು. ಅಣಬೆಯ ಸ್ವಾದವು ಇಮ್ಮಡಿ ಮುಮ್ಮಡಿಯಾಗುವುದು ಸಾರಿನಲ್ಲಲ್ಲ, ನಾಲಗೆಯಲ್ಲಿ. ಉಮಾಮಿಯನ್ನು ಗ್ರಹಿಸುವ, ಎರಡು ಪ್ರೋಟೀನುಗಳ ಜೋಡಿಯನ್ನು 2002ರಲ್ಲಿ ಗುರುತಿಸಿದ ಮೇಲೆ ಇದರ ಮರ್ಮ ತಿಳಿಯಿತು. ಗ್ಲುಟಾಮೇಟು ಬಂದು ಕೂತೊಡನೆ ಆ ಜೋಡಿಯಲ್ಲಿ ಒಂದು ಪ್ರೋಟೀನಿನ ಎರಡು ಹಾಲೆಗಳು ಮುಚ್ಚಿಕೊಳ್ಳುತ್ತವೆ; ಗ್ವಾನಿಲಿಕ್ ಆಮ್ಲವು ಆ ಹಾಲೆಗಳ ಬಾಯಿಯ ಬಳಿ ಕೂತು, ಮುಚ್ಚಿದ್ದು ಬೇಗನೆ ತೆರೆಯದಂತೆ ಹಿಡಿಯುತ್ತದೆ. ಅಷ್ಟು ಹೊತ್ತೂ ಮಿದುಳಿಗೆ ಸುದ್ದಿ ಹೋಗುತ್ತಲೇ ಇರುವುದು.

ಹಾಗಾದರೆ ಮೀನೊಲ್ಲದವರು ಮಾಡಬೇಕಾದುದೇನು? ಥಾಯ್ಲೆಂಡಿನಲ್ಲಿಯೂ ವ್ರತದ ದಿನಗಳಲ್ಲಿ ಮೀನು ಮಾಂಸ ಬಿಡುವವರಿದ್ದಾರೆ. ಅವರು ನಾಮ್ ಪ್ಲಾದ ಬದಲು ಸೋಯಾ ರಸವನ್ನು ಹಾಕುತ್ತಾರೆ, ಅದೂ ಹುದುಗಿದ ಪ್ರೋಟೀನೇ ಆದುದರಿಂದ ಗ್ಲುಟಾಮೇಟಿನ ಕೊರತೆ ತುಂಬುತ್ತದೆ. ಚೆನ್ನಾಗಿ ಕಳಿತ ಟೊಮ್ಯಾಟೋದಲ್ಲಿಯೂ ಅದು ಧಾರಾಳ. ಗ್ವಾನಿಲಿಕ್ ಆಮ್ಲಕ್ಕೆ ಮಾತ್ರ ಹಸಿಯ ಅಣಬೆಯನ್ನು ನಂಬಬಾರದು, ಅದರಲ್ಲಿ ಅದು ಅತ್ಯಲ್ಪ. ಒಣಗಿಸಿದ ಅಣಬೆಯೇ ಆಗಬೇಕು, ಶಿಟಾಕೆಯಾದರೆ ಉತ್ತಮ, ಮನೆಯಲ್ಲಿ ಬಿಸಿಲಿಗಿಟ್ಟ ಚಿಪ್ಪಣಬೆಯಾದರೂ ಸರಿಯೇ. ಅದನ್ನು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟರೆ ಬೆಳಗಿನ ಹೊತ್ತಿಗೆ ನೀರು ಹಾಲಿಲ್ಲದ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಆ ನೀರನ್ನು ಚೆಲ್ಲದೆ, ಅಣಬೆಯ ಸಮೇತ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ನಿಧಾನವೆಂದೆನಷ್ಟೆ, ಅದಕ್ಕೆ ಕಾರಣವುಂಟು. ಅಣಬೆಯ ಆರ್‌ಎನ್‌ಎಯನ್ನು ತುಂಡರಿಸಿ ಗ್ವಾನಿಲಿಕ್ ಆಮ್ಲವನ್ನು ಬಿಡಿಸುವ ಕಿಣ್ವವು 60ರಿಂದ 70 ಡಿಗ್ರಿಯ ಶಾಖದಲ್ಲಿ ಚುರುಕಾಗಿರುತ್ತದೆ. ಬಿಡುಗಡೆಯಾದುದನ್ನು ಹಾಳುಮಾಡುವ ಮತ್ತೊಂದು ಕಿಣ್ವ ಅದಕ್ಕಿಂತ ಕಡಮೆ ಶಾಖದಲ್ಲಿ ಕೆಲಸಮಾಡಿ ಈ ಹೊತ್ತಿಗೆ ಸೋತಿರುತ್ತದೆ. ದಡಬಡನೆ ಕುದಿಸಿದರೆ ಇಬ್ಬರೂ ಸತ್ತು ಸಾರು ಅನಾಥವಾಗುವುದು.

ಇನ್ನು ಖಾರದ ಮಾತು. ಥಾಯಿಗಳು ಈ ಸಾರಿಗೆ ಜಜ್ಜಿಹಾಕುವ ಚಿಕ್ಕ ಮೆಣಸಿನಕಾಯಿಗೂ ಬ್ಯಾಡಗಿಗೂ ವಂಶ ಒಂದೇ ಆದರೂ ಸ್ವಭಾವ ಬೇರೆ. ಖಾರವು ರುಚಿಯಲ್ಲ, ವೇದನೆ; 43 ಡಿಗ್ರಿಗೆ ಮೇಲ್ಪಟ್ಟ ಬಿಸಿಯನ್ನು ತಿಳಿಸುವ ನರತಂತುಗಳ ಗ್ರಾಹಕಕ್ಕೇ ಕ್ಯಾಪ್ಸೈಸಿನ್ ಹೋಗಿ ಅಂಟುತ್ತದೆಂದು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. ಬ್ಯಾಡಗಿಯಲ್ಲಿ ಈ ಕ್ಯಾಪ್ಸೈಸಿನ್ ಅಲ್ಪ, ಕ್ಯಾಪ್ಸಾಂತಿನ್ ಎಂಬ ಕೆಂಪು ವರ್ಣದ್ರವ್ಯ ಅಪಾರ. ಮಾರುಕಟ್ಟೆಯ ಪ್ರಾಂಗಣದಲ್ಲಿ ಗುಡ್ಡೆ ಹಾಕಿದ ‘ಕಡ್ಡಿ’ ಎಂಬ ಬಗೆಯ ಕಾಯೊಂದನ್ನು ಕೈಗೆತ್ತಿಕೊಂಡು ನೋಡಿದರೆ, ಸುಕ್ಕುಸುಕ್ಕಾದ ಕಡುಗೆಂಪು ಸಿಪ್ಪೆ, ಒಳಗೆ ಬೆರಳೆಣಿಕೆಯ ಬೀಜ, ಖಾರ ಹುಟ್ಟುವ ಆ ಬಿಳಿಯ ತಿರುಳಂತೂ ಹೆಸರಿಗೆ ಮಾತ್ರ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಈ ಕಾಯಿಗೆ ದೊರೆತದ್ದೂ, ಸೌಂದರ್ಯಸಾಧನಗಳ ತಯಾರಕರು ಇದರ ತೈಲರಾಳವನ್ನು ಅರಸಿ ಬರುವುದೂ ಬಣ್ಣದ ಮಹಿಮೆಯಿಂದಲೇ. ರಾಜ್ಯ ಸರ್ಕಾರವು 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಗಿ ಬಂದುದನ್ನು ಕೇಳಿದಾಗ, ಇಷ್ಟು ಕೆಂಪನ್ನು ಮನೆಯ ಅಂಗಳದಲ್ಲಿ ಇಟ್ಟುಕೊಂಡ ನಾಡಿಗೆ ಆ ವಿಷವರ್ಣದ ಅಗತ್ಯವೇನಿತ್ತೆಂದು ನನಗೆ ಅನಿಸದಿರಲಿಲ್ಲ. ಆದುದರಿಂದ ಥಾಯಿ ಸಾರಿನಲ್ಲಿ ಬ್ಯಾಡಗಿಗೆ ಒಪ್ಪುವ ಸ್ಥಾನ ಬೇರೊಂದಿದೆ: ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿಗಳನ್ನು ಹುರಿದು ಅರೆದು ಎಣ್ಣೆಯಲ್ಲಿ ಬಾಡಿಸಿ ಅವರು ಮಾಡಿಡುವ ‘ನಾಮ್ ಪ್ರಿಕ್ ಪಾವ್’ ಎಂಬ ಚಟ್ನಿ. ಕ್ಯಾಪ್ಸಾಂತಿನ್ ನೀರಿಗೆ ಒಲಿಯದು, ಎಣ್ಣೆಗೆ ಒಲಿಯುವುದು. ಸಾರಿನ ಮೇಲೆ ತೇಲುವ ಕೆಂಪು ಜಿಡ್ಡು ಅದರಿಂದಲೇ. ಖಾರಕ್ಕೆ ಮಲೆನಾಡಿನ ಸೂಜಿಮೆಣಸು ನಾಲ್ಕು ಸಾಕು.

ಅಣಬೆಯನ್ನು ಎಷ್ಟು ಬೇಯಿಸಬೇಕೆಂಬ ಚಿಂತೆ ಬೇಡ. ಬದನೆಯಾಗಲಿ ಹೀರೆಯಾಗಲಿ ಹೊತ್ತು ಮೀರಿದರೆ ಕರಗಿ ಹೋಗುತ್ತದೆ, ಅಣಬೆ ಹೋಗದು. ಏಕೆಂದರೆ ಅದರ ಕೋಶಭಿತ್ತಿ ಕಟ್ಟಿರುವುದು ಶಾಖಕ್ಕೆ ಬಗ್ಗದ ಕೈಟಿನ್ನಿನಿಂದ, ಏಡಿಯ ಚಿಪ್ಪಿನಲ್ಲಿಯೂ ಜೀರುಂಡೆಯ ಕವಚದಲ್ಲಿಯೂ ಇರುವ ಅದೇ ವಸ್ತುವಿನಿಂದ. ಇದು ಮೊದಲು ಸಿಕ್ಕಿದ್ದು ಕೀಟಗಳಲ್ಲಲ್ಲ, ಅಣಬೆಯಲ್ಲಿಯೇ, 1811ರಲ್ಲಿ, ಫ್ರಾನ್ಸಿನ ಬ್ರಾಕೊನೋ ಎಂಬವರಿಗೆ. ಈ ಕೈಟಿನ್ನಿನ ವಿಷಯ ಗೊತ್ತಿದ್ದರೆ ಅಣಬೆ ಮಾಂಸಕ್ಕೆ ಸಮವೆಂದು ಸಾರುವ ಜಾಹೀರಾತುಗಳನ್ನು ತೂಗಿ ನೋಡಲೂ ಬರುತ್ತದೆ. ಆಹಾರದ ಪ್ರೋಟೀನನ್ನು ಅಳೆಯುವವರು ಅದರ ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು ವಾಡಿಕೆ. ಕೈಟಿನ್ನಿನಲ್ಲಿಯೂ ಸಾರಜನಕ ಇರುವುದರಿಂದ ಅಣಬೆಗೆ 4.38ರಿಂದ ಗುಣಿಸಬೇಕೆಂಬುದು ಬಲ್ಲವರ ನಿಯಮ. ಹಳೆಯ ಲೆಕ್ಕ ಹಿಡಿದು, ಅದರ ಮೇಲೆ ಒಣತೂಕದ ಅಂಕಿಯನ್ನು ಹಸಿ ಅಣಬೆಯ ಪೊಟ್ಟಣದ ಮೇಲೆ ಅಚ್ಚುಹಾಕಿದರೆ ಯಾವ ಶಿಲೀಂಧ್ರವೂ ಮಾಂಸವಾದೀತು. ಹಸಿಯ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು, 100 ಗ್ರಾಮಿಗೆ ಪ್ರೋಟೀನು ಸುಮಾರು 3 ಗ್ರಾಮು. ಅಷ್ಟೇ ತೂಕದ ತೊಗರಿಬೇಳೆಯಲ್ಲಿ 20ಕ್ಕೂ ಹೆಚ್ಚು. ಅಣಬೆಯನ್ನು ಸ್ವಾದಕ್ಕೆ ತಿನ್ನಿರಿ.

ಥಾಯಿಗಳಿಗೆ ಅತಿ ಪ್ರಿಯವಾದುದು ಭತ್ತದ ಹುಲ್ಲಿನ ಅಣಬೆ. ಅದು ಮೊಟ್ಟೆಯಾಕಾರದ ಪೊರೆಯೊಳಗೆ ಇರುವಾಗಲೇ ಕಿತ್ತು, ಎರಡಾಗಿ ಸೀಳಿ ಸಾರಿಗೆ ಹಾಕುತ್ತಾರೆ. 30ರಿಂದ 35 ಡಿಗ್ರಿಯ ಧಗೆಯಲ್ಲಿ ಬೆಳೆಯುವ ಈ ಜೀವಿಗೆ ಚಳಿಯೆಂದರೆ ಆಗದು. ಫ್ರಿಜ್ಜಿನಲ್ಲಿಟ್ಟರೆ ಕೆಡದೆ ಉಳಿಯುವುದರ ಬದಲು ನೀರಾಗಿ ಹರಿದುಹೋಗುತ್ತದೆ. ಆದುದರಿಂದಲೇ ದೂರದೇಶಗಳಲ್ಲಿ ಅದು ಡಬ್ಬಿಗಳಲ್ಲಿ ಮಾತ್ರ ಸಿಗುವುದು. ಭಾರತದಲ್ಲಿ ಇದನ್ನು 1943ರಷ್ಟು ಹಿಂದೆಯೇ ಕೊಯಮತ್ತೂರಿನಲ್ಲಿ ಬೆಳೆದು ತೋರಿಸಿದ್ದರು. ಹಾನಗಲ್ಲಿನ ಗದ್ದೆಗಳ ಹುಲ್ಲೂ ಹಾವೇರಿಯ ಬೇಸಿಗೆಯೂ ಕೈಗೆಟುಕುವಷ್ಟು ಹತ್ತಿರವಿರುವಾಗ ಡಬ್ಬಿಯ ಅಣಬೆಗೆ ಹಣ ತೆರುವುದು ವಿವೇಕವಲ್ಲ. ಚಿಪ್ಪಣಬೆಯ ಬೀಜವಾದರೂ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯಲ್ಲಿ ದೊರೆಯುತ್ತದೆ.

ಮುಂಗಾರಿನ ಗುಡುಗಿಗೆ ಹುತ್ತದ ಮೇಲೆ ಏಳುವ ಅಣಬೆ ನಮಗೂ ಥಾಯಿಗಳಿಗೂ ಸಮಾನವಾದ ಪ್ರೀತಿ; ಅವರಲ್ಲಿ ಅದರ ಹೆಸರು ‘ಹೆಟ್ ಖೋನ್’. ಮೆಲ್ಲಗೆ ಕಿತ್ತರೆ ಕಾಂಡದ ಹಿಂದೆಯೇ ಬೇರಿನಂತಹ ಉದ್ದನೆಯ ಬಾಲವೊಂದು ಮಣ್ಣಿನಿಂದ ಜಾರಿ ಬರುತ್ತದೆ, ಅದರ ಕೊನೆ ಗೆದ್ದಲುಗಳ ತೋಟದಲ್ಲಿ. ಗೆದ್ದಲು ತಾನು ಜೀರ್ಣಿಸಲಾರದ ಕಟ್ಟಿಗೆಯನ್ನು ಈ ಶಿಲೀಂಧ್ರದ ಕೈಯಲ್ಲಿ ಜೀರ್ಣಿಸಿಕೊಳ್ಳುತ್ತದೆ. ತಂಜಾವೂರಿನ ಸೀಮೆಯಲ್ಲಿ ಈ ತೋಟವನ್ನು ಕಂಡು ಕೋನಿಗ್ ಎಂಬ ವೈದ್ಯನು 1779ರಲ್ಲಿ ಬರೆದಿಟ್ಟ. ಗೆದ್ದಲಿನ ಆ ಬೇಸಾಯದ ಗುಟ್ಟನ್ನು ಕಲಿತು ಅಣಬೆಯನ್ನು ಮಾರುಕಟ್ಟೆಗೆ ಬೆಳೆದುಕೊಡುವುದು ಇಂದಿಗೂ ಮನುಷ್ಯನಿಗೆ ಸಾಧ್ಯವಾಗಿಲ್ಲ.

ಕಾಡಣಬೆಯ ಪ್ರಸ್ತಾಪ ಬಂದುದರಿಂದ ಒಂದು ವಿಜ್ಞಾಪನೆ. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ, ಅರಿಸಿನ ಬಣ್ಣಗೆಡದಿದ್ದರೆ, ಹುಳು ತಿಂದ ಗುರುತಿದ್ದರೆ ಅಣಬೆ ವಿಷವಲ್ಲವೆಂಬ ಪರೀಕ್ಷೆಗಳು ಎಲ್ಲವೂ ಸುಳ್ಳು. ಮೊಟ್ಟೆಯ ಹಂತದಲ್ಲಿರುವ ಅಮಾನಿಟಾ ಎಂಬ ವಿಷದ ಅಣಬೆಯನ್ನು ಹುಲ್ಲಿನ ಅಣಬೆಯೆಂದು ಭ್ರಮಿಸಿ ಪ್ರಾಣ ಕಳೆದುಕೊಂಡವರಿದ್ದಾರೆ, ಥಾಯ್ಲೆಂಡಿನಲ್ಲಿಯೂ ಮಳೆಗಾಲದಲ್ಲಿ ಇಂತಹ ಸಾವುಗಳು ಆಗುತ್ತಲೇ ಇರುತ್ತವೆ. ಆ ವಿಷ ಕುದಿಸಿದರೆ ಹೋಗುವುದಿಲ್ಲ. ಉಂಡು ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿಭೇದಿಯಾಗಿ ತೋರಿ, ನಡುವೆ ಗುಣವಾದಂತೆ ನಟಿಸಿ, ಆಮೇಲೆ ಪಿತ್ತಜನಕಾಂಗವನ್ನು ಹಿಡಿಯುತ್ತದೆ. ಗುರುತು ಬಲ್ಲ ಹಿರಿಯರು ಜೊತೆಗಿಲ್ಲದೆ ಕೀಳಬೇಡಿರಿ. ಕಿತ್ತು ತಂದರೆ ಒಂದನ್ನು ಬೇಯಿಸದೆ ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿರಿ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಅದನ್ನು ರೋಗಿಯೊಡನೆಯೇ ಆಸ್ಪತ್ರೆಗೆ ಒಯ್ಯಿರಿ.