ವರ್ಣದ್ರವ್ಯಕ್ಕೆ ಬಣ್ಣ ಕೊಡುವ ಪ್ರೋಟೀನು

ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿರುವಂತಹ ಉಪ್ಪಿನಾಗರಗಳಲ್ಲಿ ನೀರು ಆವಿಯಾಗಿ ಲವಣ ಸಾಂದ್ರವಾದಂತೆ ಲವಣಪ್ರಿಯ ಸೂಕ್ಷ್ಮಜೀವಿಗಳಷ್ಟೇ ಬದುಕಬಲ್ಲವು. ಅವುಗಳಲ್ಲೊಂದಾದ ಹ್ಯಾಲೋಬ್ಯಾಕ್ಟೀರಿಯಮ್‌ನ ನೇರಳೆ ಪೊರೆಯಲ್ಲಿ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನಿರುವುದನ್ನು ಓಸ್ಟರ್‌ಹೆಲ್ಟ್ ಮತ್ತು ಸ್ಟೊಕೇನಿಯಸ್ 1971ರಲ್ಲಿ ಪ್ರಕಟಿಸಿದರು. ಅದರ ವರ್ಣದ್ರವ್ಯ ರೆಟಿನಲ್. ಇದರ ಇನ್ನೊಂದು ರೂಪ ನಮ್ಮ ಕಣ್ಣಿನಲ್ಲಿಯೂ ಇದೆ.

ಬಿಡಿಯಾಗಿರುವ ರೆಟಿನಲ್ ಮುಖ್ಯವಾಗಿ ಹೀರುವುದು ಸುಮಾರು 380 ನ್ಯಾನೊಮೀಟರಿನ ಬೆಳಕನ್ನು. 216ನೆಯ ಲೈಸೀನಿಗೆ ಬಂಧಿತವಾಗಿ ಪ್ರೋಟೀನಿನೊಳಗೆ ನೆಲೆಸಿದಾಗ ಅದು 568ಕ್ಕೆ ಸರಿಯುತ್ತದೆ. ಆದುದರಿಂದ ಬಣ್ಣವು ವರ್ಣದ್ರವ್ಯದ ಸ್ವಂತ ಗುಣವೆಂಬುದು ಅರ್ಧಸತ್ಯವೇ ಸರಿ. ಸುತ್ತಲಿನ ಅಮೈನೊ ಆಮ್ಲಗಳೂ ಅದನ್ನು ನಿರ್ಧರಿಸುತ್ತವೆ. ಬೆಳಕು ತಗುಲಿದಾಗ ರೆಟಿನಲ್ಲಿನ ನೀಳ ಸರಪಳಿ 13ನೆಯ ಇಂಗಾಲದ ಬಳಿ ಮಾತ್ರ ಬಾಗುವಂತೆ ನಿರ್ಬಂಧಿಸುವುದೂ ಪ್ರೋಟೀನೇ. ಆಗ ಬಂಧಸ್ಥಾನದ ಪ್ರೋಟಾನು 85ನೆಯ ಆಸ್ಪಾರ್ಟೇಟಿಗೆ ದಾಟುತ್ತದೆ, ಇನ್ನೊಂದು ಪ್ರೋಟಾನು ಕೋಶದ ಹೊರಕ್ಕೆ ಬೀಳುತ್ತದೆ. ತೆರವಾದುದನ್ನು 96ನೆಯ ಆಸ್ಪಾರ್ಟೇಟು ತುಂಬುತ್ತದೆ. ಹೀಗೆ ಹೊರಗೆ ಕೂಡಿದ ಪ್ರೋಟಾನುಗಳು ಮರಳಿ ಒಳನುಗ್ಗುವಾಗ ಜೀವಿಗೆ ಎಟಿಪಿ ದೊರೆಯುತ್ತದೆ.